ಕೊರೊನಾ ಹೊತ್ತಿನ್ಯಾಗ ಊರಿಗೆ ಬಂದವರನ್ನ 14 ದಿನ ಬ್ಯಾರೆ ಇಡೂದು ಹೆಂಗ? ಒಂದ ಪಾಯಖಾನಿ ಇರೋ ಮನಿಯವರಿಗೆ ಅಳತಿ ಸಮೇತ ಹೇಳ್ರಿ

ಮುಳಗುಂದ_ನಾಕಾ · 21 ಮಾರ್ಚ್ 2020, ಬೆಳಿಗ್ಗೆ 8:10
ಎಲ್ಲಾರಿಗೂ ನಮಸ್ಕಾರ್ರೀ. ಯುಗಾದಿ 25ಕ್ಕ ಐತಿ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಾಕ ಹೋದ ಮಂದಿ ಬಸ್ಸು, ರೈಲು ತುಂಬಿ ಊರಿಗೆ ಬರಾಕತ್ತಾರ. ಹದಿನಾಕು ದಿನ ಬ್ಯಾರೆ ಇರ್ರಿ ಅಂತ ಎಲ್ಲಾರೂ ಹೇಳ್ತಾರ, ಹೆಂಗ ಅಂತ ಯಾರೂ ಹೇಳವಲ್ರು. ಸರಕಾರದ ಕಾಗದದಾಗ ಗಾಳಿ ಆಡೋ ಬ್ಯಾರೆ ಕೋಣಿ, ಅದಕ್ಕ ಹೊಂದಿ ಬ್ಯಾರೆ ಪಾಯಖಾನಿ ಅಂತ ಬರದಾರ. ಗದಗ, ರೋಣ, ಶಿರಹಟ್ಟಿ ಕಡೆ ಮನಿ ಹೆಂಗಿರ್ತಾವು ಗೊತ್ತಲ್ರಿ: ಮುಂದ ಕಟ್ಟಿ, ಒಳಗ ಪಡಸಾಲಿ, ಅಡಗಿಮನಿ, ಅದರ ಮೂಲ್ಯಾಗ ಬಚ್ಚಲ, ಹಿತ್ತಲದಾಗ ಒಂದ ಪಾಯಖಾನಿ. ಆರು ಮಂದಿ ಇರ್ತಾರ, ಅದರಾಗ ಎಪ್ಪತ್ತು ದಾಟಿದ ಅಜ್ಜ, ಸಕ್ಕರಿ ರೋಗದ ಅವ್ವ. ಇಂಥಾ ಮನಿಗೆ ಒಬ್ಬಾತ ಬಂದ್ರ ಎಲ್ಲಿ ಮಲಗಸಬೇಕು, ಪಾಯಖಾನಿ ಹೆಂಗ ಹಂಚಿಕೋಬೇಕು, ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು? "ಎಚ್ಚರಿಕೆ ವಹಿಸಿ" ಅನ್ನೋ ಮಾತು ಕೇಳಿ ಕೇಳಿ ಸಾಕಾಗೇತಿ.

ಬ್ಯಾಡಗಿ_ಕಡ್ಡಿ · 8:26
ಬರಬ್ಯಾಡ್ರಿ ಅಂತ ಫೋನ್ ಹಚ್ಚಿ ಹೇಳೂದ ಮೊದಲನೇ ಕೆಲಸ. ಇದ್ದಲ್ಲೇ ಇರ್ಲಿ.

ಮುಳಗುಂದ_ನಾಕಾ · 8:31
ಅಣ್ಣಾ, ಅಲ್ಲಿ ಒಂದು ಖೋಲಿಯಾಗ ಎಂಟ್ಹತ್ತು ಮಂದಿ ಇರ್ತಾರ. ಖಾನಾವಳಿ ಬಂದ್, ಕೆಲಸ ಬಂದ್. ಅರ್ಧ ಮಂದಿ ಆಗಲೇ ರೈಲು ಹತ್ಯಾರ. ಬಂದ ಮ್ಯಾಲೆ ಏನ್ ಮಾಡೂದು ಅನ್ನೋದ ಪ್ರಶ್ನಿ.

ಸಾಧನಕೇರಿ_ದಾದಿ · 9:05
ಒಂದೊಂದಾಗಿ ಹೇಳ್ತೀನ್ರಿ.

ಮೊದಲು ಜಾಗಾ. ಒಳಗಿನ ಕತ್ತಲಿ ಕೋಣಿ ಬ್ಯಾಡ. ಬಂದವರನ್ನ ಮುಂದಿನ ಕಟ್ಟಿ ಮ್ಯಾಲೆ ಅಥವಾ ಪಡಸಾಲಿಯೊಳಗ ಬಾಗಲಾ-ಕಿಡಕಿ ಇರೋ ಮಗ್ಗಲಕ್ಕ ಮಲಗಿಸಿ, ಅಜ್ಜ-ಅವ್ವನ್ನ ಒಳಗ ಕಳಸ್ರಿ. ಭಾಳ ಮಂದಿ ಇದನ್ನ ತಿರುವ್ಯಾಡಿ ಮಾಡ್ತಾರ. ಬಂದವನನ್ನ ಒಳಗಿನ ಕೋಣಿಗೆ ಹಾಕಿದ್ರ ಅವಾ ಪ್ರತಿ ಸಲ ಹೊರಗ ಬರಬೇಕಂದ್ರ ಮನಿಯವರ ನಡಬರಕ ಹಾಯ್ದ ಹೋಗಬೇಕು. ಅಂತರ ಕನಿಷ್ಠ 1 ಮೀಟರ್ ಅಂತಾರ, ಜಾಗಾ ಇದ್ರ 2 ಮೀಟರ್ ಇಡ್ರಿ. ಟೇಬಲ್ ಫ್ಯಾನ್ ಇದ್ರ ಅದರ ಮಾರಿ ಕಿಡಕಿ ಕಡೆ ಇರಬೇಕು, ಅಂದ್ರ ಗಾಳಿ ಹೊರಗ ಹೋಗತದ. ಬಂದವನ ಬೆನ್ನ ಹಿಂದಿನಿಂದ ಮನಿ ಒಳಗ ಬೀಸೋಹಂಗ ಇಟ್ರ ಬ್ಯಾರೆ ಇಟ್ಟದ್ದಕ್ಕ ಅರ್ಥನ ಇಲ್ಲ.

ನೋಡಿಕೊಳ್ಳಾಕ ಒಬ್ಬರ ಇರಬೇಕು. ಅರವತ್ತರ ಒಳಗಿನವರು, ಬಿಪಿ, ಸಕ್ಕರಿ, ದಮ್ಮು ಇಲ್ಲದವರು. ತಾಟು, ವಾಟಗಾ, ಹಾಸಗಿ, ಟಾವೆಲ್ಲು ಬ್ಯಾರೆ. ಊಟಾ ಹೊಸ್ತಿಲದಾಗ ಇಟ್ಟು ಹಿಂದ ಸರೀಬೇಕು. ಅವನ ಅರಿವಿ ಜಾಡಸಬ್ಯಾಡ್ರಿ. ಹಂಗ ಎತ್ತಿ ಬಿಸಿನೀರು-ಸಾಬಾಣದಾಗ ಅರ್ಧಾ ತಾಸು ನೆನಿ ಇಟ್ಟು ಒಗದು ಬಿಸಲಿಗೆ ಹಾಕ್ರಿ.

ಜ್ವರಾ ದಿನಕ್ಕ ಎರಡು ಸಲ, ಮುಂಜಾನೆ-ಸಂಜಿ ನೋಡಿ ಬರದಿಡ್ರಿ. ಪ್ಯಾರಾಸಿಟಮಾಲ್ ಕೊಡೂದಕ್ಕಿಂತ ಮೊದಲ ನೋಡಬೇಕು, ಗುಳಿಗಿ ನುಂಗಿದ ಮ್ಯಾಲೆ ನೋಡಿದ್ರ ಜ್ವರಾ ಮುಚ್ಚಿ ಹೋಗತದ.

ಕೊಪ್ಪೀಕರ_ರಸ್ತೆ · 9:20
14 ದಿನಾನೇ ಯಾಕೆ? ಒಂದು ವಾರ ಸಾಲೂದಿಲ್ಲೇನು? ಕೂಲಿ ಮಾಡೋರಿಗೆ ಎರಡು ವಾರ ಭಾಳ ಆಗ್ತದ.

ಸಾಧನಕೇರಿ_ದಾದಿ · 9:34
ಸಾಲೂದಿಲ್ಲ. ಸೋಂಕು ತಗಲಿದ ಮ್ಯಾಲೆ ಲಕ್ಷಣ ಕಾಣಾಕ ಸರಾಸರಿ 5 ದಿನ ಹಿಡೀತದ. ಚೀನಾದ ರೋಗಿಗಳನ್ನ ಲೆಕ್ಕ ಹಾಕಿದಾಗ ಲಕ್ಷಣ ಬರೋರ ಪೈಕಿ ನೂರಕ್ಕ 97 ಮಂದಿಗೆ ಹನ್ನೊಂದೂವರೆ ದಿನದೊಳಗ ಕಾಣಿಸ್ಯಾವು. 7 ದಿನಕ್ಕ ಬಿಟ್ರ ತಡಾ ಆಗಿ ಬೀಳೋ ಮಂದಿ ಎಲ್ಲಾ ಮನಿ ನಡುವ ಬಂದು ಬೀಳ್ತಾರ.

ಲೆಕ್ಕ ಶುರು ಮಾಡೂದು ಪ್ರಯಾಣ ಮುಗಿದ ದಿನದಿಂದ. ಅಣ್ಣ ಸೋಮವಾರ ಬಂದ, ತಮ್ಮ ಶುಕ್ರವಾರ ಬಂದು ಅದ ಪಡಸಾಲಿಯೊಳಗ ಮಲಗಿದ ಅಂದ್ರ ಅಣ್ಣನ ಲೆಕ್ಕನೂ ಶುಕ್ರವಾರದಿಂದ ಹೊಸದಾಗಿ ಶುರು. ಹಳ್ಳಿಯೊಳಗ ಇದ ಭಾಳ ತಪ್ಪೂದು.

ರಾಣೆಬೆನ್ನೂರ_ಬೀಜ · 9:50
ಬ್ಲೀಚಿಂಗ್ ಪುಡಿ ಪ್ರಶ್ನೆಗೆ ಉತ್ತರ. ಅಂಗಡಿಯೊಳಗ ಸಿಗೋ ಸಾದಾ ಪುಡಿಯೊಳಗ ಕ್ಲೋರಿನ್ ಹೊಸದಿದ್ದಾಗ ನೂರಕ್ಕ 30ರ ಆಸುಪಾಸು. 1 ಲೀಟರ್ ನೀರಿಗೆ 30 ಗ್ರಾಂ ಹಾಕಿದ್ರ ಸುಮಾರು 1 ಪರ್ಸೆಂಟ್ ದ್ರಾವಣ ಆಗ್ತೈತಿ. ಪಾಯಖಾನಿ, ಬಚ್ಚಲ, ನೆಲಕ್ಕ ಇದ ಬೇಕಾಗಿದ್ದು. ಚಮಚಾ ಲೆಕ್ಕ ಬ್ಯಾಡ್ರಿ, ಕಿರಾಣಿ ಅಂಗಡಿಯೊಳಗ 30 ಗ್ರಾಂನ ಪುಡಕಿ ಕಟ್ಟಿಸಿಕೊಂಡ ಬರ್ರಿ.

ಮಾಡೋ ರೀತಿ: ಪ್ಲಾಸ್ಟಿಕ್ ಬಕೀಟು ತಗೋರಿ. ಕಬ್ಬಿಣ, ಅಲ್ಯೂಮಿನಿಯಂ ಬ್ಯಾಡ, ತಿಂದು ಹಾಕ್ತೈತಿ. ಮೊದಲ ಸ್ವಲ್ಪ ನೀರಾಗ ಪುಡಿ ಕಲಸಿ ಗಂಟು ಒಡದು, ಆಮ್ಯಾಲೆ ಉಳಿದ ತಣ್ಣೀರು ಹಾಕಿ ಕಲಕಿ ಕಾಲು ತಾಸು ಬಿಡ್ರಿ. ಸುಣ್ಣ ತಳಕ್ಕ ಕೂಡ್ತೈತಿ, ಮ್ಯಾಲಿನ ತಿಳಿ ಬಸ್ಕೋರಿ. ಬಿಸಿನೀರು ಹಾಕಬ್ಯಾಡ್ರಿ, ಕ್ಲೋರಿನ್ ಹಾರಿ ಹೋಗ್ತೈತಿ. ದಿನಾ ಹೊಸದು ಮಾಡಬೇಕು. ಬಾಯಿ ತಗದಿಟ್ಟು ಸಾರಿ ಹಿಡಿದ ಪುಡಿ, ವಾಸನಿ ಹೋದ ಪುಡಿ ಉಪಯೋಗಿಲ್ಲ. ಅದನ್ನ ಎಷ್ಟು ಹಾಕಿದ್ರೂ ಸುಣ್ಣದ ನೀರಷ್ಟ.

ಬಾಟಲಿಯೊಳಗ ಬರೋ ಹೈಪೋಕ್ಲೋರೈಟ್ 5 ಪರ್ಸೆಂಟ್ ಇದ್ರ 1 ಭಾಗಕ್ಕ 4 ಭಾಗ ನೀರು.

ಉಣಕಲ್_ದಂಡಿ · 10:02
ಇದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಬ್ಲೀಚಿಂಗ್ ನೀರಿನ ಜತಿಗೆ ಪಾಯಖಾನಿ ತೊಳಿಯೋ ಆ್ಯಸಿಡ್ ಎಂದಿಗೂ ಕೂಡಿಸಬ್ಯಾಡ್ರಿ. ಕ್ಲೋರಿನ್ ಗ್ಯಾಸ್ ಏಳತದ, ಸಣ್ಣ ಪಾಯಖಾನಿಯೊಳಗ ಬಾಗಲಾ ಹಾಕ್ಕೊಂಡ ತೊಳಿಯೋರ ಪುಪ್ಪುಸ ಸುಟ್ಟು ಹೋಗತದ. ಆ್ಯಸಿಡ್ ಹಾಕಿ ತೊಳಿಯೋದಿದ್ರ ಅದು ಪೂರ್ತಿ ನೀರಿನಿಂದ ಹೋದ ಮ್ಯಾಲೆ ಮರುದಿನ ಬ್ಲೀಚಿಂಗ್ ಹಾಕ್ರಿ. ಮೈಮ್ಯಾಲೆ ಸಿಂಪಡಿಸೂದು ಬ್ಯಾಡ. ಬಂದವರನ್ನ ಊರ ಅಗಸಿಯೊಳಗ ನಿಲ್ಲಿಸಿ ಔಷಧ ಹೊಡಿಯೋ ಪಂಪಿನಿಂದ ಬ್ಲೀಚಿಂಗ್ ಹೊಡೀಬೇಕು ಅಂತ ಕೆಲವರು ಅನ್ನಾಕತ್ತಾರ. ಕಣ್ಣು, ಚರ್ಮ ಸುಡತದ, ಗಂಟಲದಾಗ ಇರೋ ವೈರಸ್‌ಗೆ ಏನೂ ಆಗೂದಿಲ್ಲ.

ಮುಳಗುಂದ_ನಾಕಾ · 10:10
ಮತ್ತ ಪಾಯಖಾನಿ ಹಂಚಿಕೊಳ್ಳೂದು?

ಸಾಧನಕೇರಿ_ದಾದಿ · 10:22
ಮನಿಯವರೆಲ್ಲಾ ಮುಗಿಸಿದ ಮ್ಯಾಲೆ ಬಂದವರು ಕಡೀಗೆ ಹೋಗಬೇಕು. ಅವರ ನಂಬರ್ ನಡುವ ಬಂದ್ರ ಮುಗಿಸಿ ನೀರು ಸುರುವಿ, ಚಿಲಕಾ, ನಳದ ತಿರುವು, ತಂಬಿಗಿ ಹಿಡಿಕಿಗೆ ಬ್ಲೀಚಿಂಗ್ ನೀರು ಒರಸಿ 10 ನಿಮಿಷ ಬಿಟ್ಟು, ಬಾಗಲಾ-ಗವಾಕ್ಷಿ ತಗದು ಅರ್ಧಾ ತಾಸು ಗಾಳಿ ಆಡಿದ ಮ್ಯಾಲೆ ಬ್ಯಾರೆಯವರು ಹೋಗಬಹುದು. 10 ನಿಮಿಷ ಹಸೀ ಇರಬೇಕು. ಒರಸಿದ ಕೂಡ್ಲೇ ತೊಳದ್ರ ಕೆಲಸ ಆಗೂದಿಲ್ಲ. ತಂಬಿಗಿ ಅವರದ ಬ್ಯಾರೆ ಇಡೂದು ಎಲ್ಲಕ್ಕಿಂತ ಸುಲಭ.

ಜಳಕಾ ಮಾತ್ರ ಅಡಗಿಮನಿ ಬಚ್ಚಲದಾಗ ಬ್ಯಾಡ್ರಿ. ಹಿತ್ತಲದಾಗ ಕಲ್ಲು ಹಾಕಿ ಚಾಪಿ ಮರಿ ಮಾಡಿ ಕೊಡ್ರಿ. ಹಂಡೆದಿಂದ ನೀರು ಮನಿಯವರೇ ಬಕೀಟಿಗೆ ತುಂಬಿ ಇಡಬೇಕು.

ಬ್ಯಾಡಗಿ_ಕಡ್ಡಿ · 11:15
ಇಷ್ಟೆಲ್ಲಾ ಯಾಕ್ರಿ? ಹೊಲದಾಗ ಶೆಡ್ ಐತಿ, ಸುಗ್ಗಿ ಮುಗದೈತಿ. ಅಲ್ಲೇ 14 ದಿನ ಇರ್ಲಿ. ಹಿಂದ ಪ್ಲೇಗ್ ಬಂದಾಗ ನಮ್ಮ ಹಿರ್ಯಾರು ಅದನ್ನ ಮಾಡಿದ್ರು, ಊರ ಬಿಟ್ಟು ಗುಡಸಲಾ ಹಾಕ್ಕೊಂಡಿದ್ರು.

ದುರ್ಗದಬೈಲ್ · 11:40
ಪ್ಲೇಗಿನ ಮಾತು ಖರೆ, ಆದ್ರ ಅದನ್ನ ಪೂರ್ತಿ ಹೇಳಬೇಕು. 1898ರಲ್ಲಿ ಹುಬ್ಬಳ್ಳಿ ಪ್ಲೇಗಿಗೆ ಭಾಳ ಬಲಿಯಾಗಿತ್ತು. ಆಗ ಮಂದಿ ಊರ ಹೊರಗ ಗುಡಸಲಾ ಹಾಕಿದ್ದು ಉಪಯೋಗ ಆತು, ಯಾಕಂದ್ರ ಪ್ಲೇಗ್ ಹರಡೂದು ಇಲಿ ಮೈಯ್ಯಾಗಿನ ಚಿಗಟದಿಂದ. ಮನಿ ಬಿಟ್ರ ಇಲಿನೂ ಬಿಟ್ಟಂಗ. ಮತ್ತ ಗುಡಸಲಕ್ಕ ಹೋದದ್ದು ಆರೋಗ್ಯವಾಗಿದ್ದ ಮಂದಿ, ಮನಿಗಟ್ಲೆ ಕೂಡೇ ಹೋಗ್ತಿದ್ರು. ಒಬ್ಬನ್ನೇ ಅಟ್ಟಿದ್ದಲ್ಲ. ಅದ ವರ್ಷ ಹುಬ್ಬಳ್ಳಿಯೊಳಗ ಹಾಫ್‌ಕಿನ್ ಅನ್ನೋ ವಿಜ್ಞಾನಿ ಮಾಡಿದ ಪ್ಲೇಗ್ ಲಸಿಕಿ ಸಾವಿರಗಟ್ಲೆ ಮಂದಿಗೆ ಹಾಕಿದ್ರು. ಆ ಲಸಿಕಿ ಮುಂಬೈಯೊಳಗ ತಯಾರಾಗಿ ಆಗ ಬರೇ ಒಂದು ವರ್ಷ ಆಗಿತ್ತು. ಲಸಿಕಿ ಇತಿಹಾಸದಾಗ ನಮ್ಮ ಊರಿಗೆ ದೊಡ್ಡ ಜಾಗಾ ಅದ, ಇಲ್ಲಿಯವರಿಗೇ ಗೊತ್ತಿಲ್ಲ. ಈಗಿನ ರೋಗ ಮನಷ್ಯಾನ ಬಾಯಿ-ಮೂಗಿನಿಂದ ಮನಷ್ಯಾಗ ಹೋಗೂದು. ಲಸಿಕಿನೂ ಇಲ್ಲ.

ಸಾಧನಕೇರಿ_ದಾದಿ · 11:58
ಹೊಲದ ಶೆಡ್ ಒಂದ ಒಂದು ಶರತ್ತಿನ ಮ್ಯಾಲೆ ಒಪ್ಪಬಹುದು: ದಿನಕ್ಕ ಎರಡು ಸಲ ಯಾರಾದ್ರೂ ದೂರ ನಿಂತು ಅವನ ಉಸುರು ನೋಡಬೇಕು. ಈ ರೋಗದಾಗ ಕೆಲವರು ಮೊದಲನೇ ವಾರ ಬರೇ ಜ್ವರಾ-ಕೆಮ್ಮು ಇದ್ದು, ಎರಡನೇ ವಾರದ ಸುಮಾರಿಗೆ ಒಮ್ಮಿಂದೊಮ್ಮೆ ದಮ್ಮು ಹತ್ತಿ ಬೀಳ್ತಾರ. ತಗಡಿನ ಶೆಡ್ಡು ಮಾರ್ಚ್ ಬಿಸಲಿಗೆ ಮಧ್ಯಾಹ್ನ ಇರಾಕ ಆಗೂದಿಲ್ಲ, ನೀರು ಕಮ್ಮಿ ಬಿದ್ದು ಜ್ವರಾ ಏರತದ. ಫೋನ್ ಚಾರ್ಜಿಗೆ ಕರೆಂಟ್ ಇಲ್ಲಂದ್ರ ಕರಿಯಾಕೂ ಆಗೂದಿಲ್ಲ. ಗಿಡದ ನೆರಳು, 10 ಲೀಟರ್ ಕುಡಿಯೋ ನೀರು, ಫೋನು, ಟಾರ್ಚು, ಮಂಚ ಇಷ್ಟು ಇಲ್ಲದ ಹೊಲಕ್ಕ ಕಳಸಬ್ಯಾಡ್ರಿ.

ಬ್ಯಾಡಗಿ_ಕಡ್ಡಿ · 12:04
ಉಸುರು ನೋಡೂದು ಅಂದ್ರ ಹೆಂಗ್ರಿ ಅಕ್ಕಾರ?

ಸಾಧನಕೇರಿ_ದಾದಿ · 12:11
ಸುಮ್ನ ಕುಂತಾಗ ಎದಿ ಎಷ್ಟು ಸಲ ಏಳತದ ಅಂತ ಪೂರ್ತಿ 1 ನಿಮಿಷ ಎಣಿಸ್ರಿ. ಎಣಿಸಾಕತ್ತೀನಿ ಅಂತ ಹೇಳಬ್ಯಾಡ್ರಿ, ಹೇಳಿದ್ರ ಉಸುರಿನ ಗತಿ ಬದಲಾಗತದ. ದೊಡ್ಡವರಿಗೆ 12ರಿಂದ 20 ಸರಿ. ಕುಂತಲ್ಲೇ 24 ದಾಟಿದ್ರ, ಒಂದು ಮಾತು ಪೂರ್ತಿ ಆಡೂದರೊಳಗ ದಮ್ಮು ಬಂದ್ರ, ತುಟಿ ನೀಲಿ ಆದ್ರ, ಮಂಕು ಬಡದ್ರ ಕಾಯಬ್ಯಾಡ್ರಿ. 108ಕ್ಕ ಹಚ್ಚಿ, ಹೊರ ಊರಿಂದ ಬಂದವರು ಅಂತ ಮೊದಲೇ ಹೇಳ್ರಿ. ಸಣ್ಣ ಜ್ವರಾ-ಕೆಮ್ಮಿಗೆ ನೇರ ಕಿಮ್ಸ್ (ಹುಬ್ಬಳ್ಳಿ ದೊಡ್ಡ ಸರಕಾರಿ ದವಾಖಾನಿ) ಹೊರರೋಗಿ ಸಾಲಿನ್ಯಾಗ ಹೋಗಿ ನಿಲ್ಲಬ್ಯಾಡ್ರಿ, ಆರೋಗ್ಯ ಸಹಾಯವಾಣಿ 104ಕ್ಕ ಫೋನ್ ಮಾಡಿ ಕೇಳ್ರಿ.

ಕೊಪ್ಪೀಕರ_ರಸ್ತೆ · 12:30
ಎಲ್ಲಾರನೂ ಟೆಸ್ಟ್ ಮಾಡಿಬಿಟ್ರ ಈ ತಾಪತ್ರಯನ ಇರ್ತಿರಲಿಲ್ಲ.

ಉಣಕಲ್_ದಂಡಿ · 12:41
ನಿನ್ನೆ 20ರಂದು ಟೆಸ್ಟಿನ ನಿಯಮ ಸ್ವಲ್ಪ ಸಡ್ಲ ಮಾಡ್ಯಾರ. ಈಗ ಟೆಸ್ಟ್ ಮಾಡೂದು ಇವರಿಗೆ: ಪರದೇಶದಿಂದ ಬಂದು ಲಕ್ಷಣ ಇದ್ದವರು, ಖಚಿತ ರೋಗಿಯ ಸಂಪರ್ಕದವರು, ಲಕ್ಷಣ ಇರೋ ಆರೋಗ್ಯ ಸಿಬ್ಬಂದಿ, ತೀವ್ರ ಉಸಿರಾಟದ ತೊಂದರಿಯಿಂದ ದವಾಖಾನಿ ಸೇರಿದವರು. ಪುಣೆದಿಂದ ಬಂದು ಆರಾಮ ಇರೋ ಹುಡುಗ ಈ ಪಟ್ಟಿಯೊಳಗ ಇಲ್ಲ. ಇನ್ನೊಂದು, ಬಂದ ದಿನವೇ ಟೆಸ್ಟ್ ಮಾಡಿ ನೆಗೆಟಿವ್ ಬಂದ್ರೂ ಅದರ ಮ್ಯಾಲೆ ಭರವಸಿ ಇಡೋಹಂಗಿಲ್ಲ. ಸೋಂಕು ತಗಲಿದ ಮೊದಲನೇ ದಿನಗಳಾಗ ಗಂಟಲದ ದ್ರವದಾಗ ವೈರಸ್ ಸಿಗದ ಇರಬಹುದು. ಸಂಪರ್ಕದವರನ್ನೂ 5ನೇ ದಿನದಿಂದ 14ನೇ ದಿನದೊಳಗ ಪರೀಕ್ಷಾ ಮಾಡ್ರಿ ಅಂತ ಹೇಳಿರೂದು ಅದಕ್ಕ.

ಹೊಲಿಗಿ_ಹಾವೇರಿ · 2:15
ಮಾಸ್ಕ್ ಬಗ್ಗೆ ಯಾರೂ ಬರದಿಲ್ಲ.

ಕೊಪ್ಪೀಕರ_ರಸ್ತೆ · 2:20
ಆರೋಗ್ಯವಂತರಿಗೆ ಮಾಸ್ಕ್ ಬೇಕಾಗಿಲ್ಲ, ರೋಗಿ ಮತ್ತ ನೋಡಿಕೊಳ್ಳೋರಿಗೆ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೇದ. ಎಲ್ಲಾರೂ ಕೊಂಡ್ರ ದವಾಖಾನಿಗೆ ಸಿಗೂದಿಲ್ಲ.

ಹೊಲಿಗಿ_ಹಾವೇರಿ · 2:48
ಅಂಗಡಿ ಮಾಸ್ಕ್ ದವಾಖಾನಿಗೆ ಬಿಡ್ರಿ, ಅದು ಸರಿ. ಮನಿಯೊಳಗ ಬ್ಯಾರೆ ಇರೋನಿಗೆ ಮತ್ತ ಊಟಾ ಕೊಡೋರಿಗೆ ಅರಿವಿದು ಹೊಲೀರಿ ಅಂತ ನನ್ನ ಮಾತು. ಕೆಮ್ಮಿದಾಗ ಹಾರೋ ಉಗುಳಿನ ಹನಿ ಅರಿವ್ಯಾಗ ನಿಲ್ತೈತಿ, ಅಷ್ಟಕ್ಕ ಅದು ಬೇಕು.

ಪೂರ್ತಿ ಹತ್ತಿ ಇರಬೇಕು. ಪಾಪ್ಲಿನ್, ಹಳೇ ಧೋತರ, ಲುಂಗಿ ನಡೀತಾವು. ಟೆರಿಕಾಟ್, ಪಾಲಿಸ್ಟರ್ ಬ್ಯಾಡ, ಉಸುರು ಕಟ್ಟಿ ಪದೇ ಪದೇ ಕೆಳಗ ಜಗ್ಗತಾರ. 9 ಇಂಚು ಅಗಲ, 15 ಇಂಚು ಉದ್ದ ಕತ್ತರಿಸಿ ಉದ್ದದ ಕಡೆ ಎರಡು ಪದರ ಮಡಚಿದ್ರ ಏಳೂವರೆ ಇಂಚು. ಅಂಚು ಹೊಲದ ಮ್ಯಾಲೆ ಅರ್ಧ ಇಂಚಿನ ಮೂರು ನಿರಿಗಿ, ಮೂರೂ ಕೆಳಮುಖ ಇರಬೇಕು. ಮ್ಯಾಲ್ಮುಖ ಹಿಡದ್ರ ನಿರಿಗ್ಯಾಗ ಧೂಳು, ಉಗುಳು ಕೂಡ್ತೈತಿ. ಮಗ್ಗಲ ಸುಮಾರು 4 ಇಂಚಿಗೆ ಬರ್ತೈತಿ. ಇಲಾಸ್ಟಿಕ್ ಪ್ಯಾಟ್ಯಾಗ ಖಾಲಿ, ಅದರ ಬದಲಿ ಲಾಡಿ ಹಚ್ಚರಿ. ಮ್ಯಾಲಿಂದು ಕಿವಿ ಮ್ಯಾಲ ಹಾಯಿಸಿ ಹಿಂದ, ಕೆಳಗಿಂದು ಕುತ್ತಿಗಿ ಹಿಂದ ಕಟ್ಟೂದು. ಬಿಚ್ಚೂ ಮುಂದ ಕೆಳಗಿಂದು ಮೊದಲ, ಮುಂದಿನ ಅರಿವಿ ಮುಟ್ಟೂದಲ್ಲ. ಒಬ್ಬರಿಗೆ ಎರಡಾದ್ರೂ ಬೇಕು, ಹಸೀ ಆದಕೂಡ್ಲೆ ಬದಲಿ ಮಾಡಬೇಕು. ಸಾಬಾಣ, ಬಿಸಿನೀರಾಗ ಒಗದು ಬಿಸಲಾಗ ಖಡಕ್ ಒಣಗಸ್ರಿ.

ಬೆಟಗೇರಿ_ಮಗ್ಗ · 3:05
ಖಾದಿ ನಡೀತೈತೇನು? ಗರಗ, ಬೆಂಗೇರಿ ಕಡೆ ಖಾದಿ ತುಂಡು ಸಿಗ್ತಾವು.

ಹೊಲಿಗಿ_ಹಾವೇರಿ · 3:12
ದಟ್ಟ ನೇಯ್ದದ್ದಿದ್ರ ನಡೀತೈತಿ. ಬೆಳಕಿಗೆ ಹಿಡದು ನೋಡ್ರಿ, ಬೆಳಕು ಚುಕ್ಕಿ ಚುಕ್ಕಿ ತೂರಿದ್ರ ಮೂರು ಪದರ ಮಾಡ್ರಿ.

ಆಫ್‌ಸೆಟ್_ಗದಗ · 4:30
ಸ್ಯಾನಿಟೈಜರ್ ಬಗ್ಗೆ. ಇವತ್ತಿನಿಂದ 200 ಮಿಲಿಗೆ 100 ರೂಪಾಯಿ ಮೀರಬಾರದು ಅಂತ ಕೇಂದ್ರದ ಆದೇಶ ಐತಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ. ಆದ್ರ ಸ್ಟಾಕ್ ಇಲ್ಲ. ಅದಕ್ಕ ಮಂದಿ ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರ ಹತ್ರ ಐಪಿಎ ಕೇಳಾಕತ್ತಾರ. ಆಫ್‌ಸೆಟ್ ಮಷಿನ್ ನೀರಿನ ಟ್ರೇಕ್ಕ ಹಾಕೋ ಐಸೊಪ್ರೊಪೈಲ್ ಆಲ್ಕೋಹಾಲ್ ಅದು. ವಸ್ತು ಅದ, ಆದ್ರ ಡಬ್ಬಿ ಮ್ಯಾಲೆ ಶುದ್ಧತಿ ಬರದಿರಬೇಕು. ಸೀಲ್ ಒಡದ, ಬ್ಯಾರೆ ಸಾಲ್ವೆಂಟ್ ಕೂಡಿದ ಕ್ಯಾನಿಂದು ಕೈಗೆ ಹಚ್ಚಬ್ಯಾಡ್ರಿ. ಮಷಿನ್ ವಾಶ್ ಮಾಡೋ ದ್ರವ ಬ್ಯಾರೆ, ಅದು ಮೈಗೆ ವಿಷ.

ವಿಶ್ವ ಆರೋಗ್ಯ ಸಂಸ್ಥೆ ಅಳತಿ, 1 ಲೀಟರಿಗೆ: 99.8 ಪರ್ಸೆಂಟ್ ಐಸೊಪ್ರೊಪೈಲ್ 752 ಮಿಲಿ, 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ 42 ಮಿಲಿ, ಗ್ಲಿಸರಿನ್ 15 ಮಿಲಿ, ಉಳಿದಷ್ಟು ಕುದಿಸಿ ಆರಿಸಿದ ನೀರು ಹಾಕಿ 1 ಲೀಟರ್ ಮಾಡೂದು. ಎಥನಾಲ್ 96 ಪರ್ಸೆಂಟ್ ಇದ್ರ 833 ಮಿಲಿ, ಉಳಿದದ್ದು ಅಷ್ಟ. ಬಾಯಿ ಮುಚ್ಚಿ 72 ತಾಸು ಇಟ್ಟು ಆಮ್ಯಾಲೆ ಬಳಸೂದು. ಪೆರಾಕ್ಸೈಡ್ ಕೈಗಲ್ಲ, ಬಾಟಲಿ-ನೀರಿನ್ಯಾಗ ಇರೋ ಬ್ಯಾಕ್ಟೀರಿಯಾ ಬೀಜಕ್ಕ. ಗ್ಲಿಸರಿನ್ ಚರ್ಮ ಒಡೀಬಾರದು ಅಂತ.

ಕೊಪ್ಪೀಕರ_ರಸ್ತೆ · 4:44
ಯೂಟ್ಯೂಬಿನ್ಯಾಗ ಎರಡು ಭಾಗ ಸ್ಪಿರಿಟ್, ಒಂದು ಭಾಗ ಲೋಳಸರದ ಜೆಲ್ ಅಂತ ತೋರಸ್ತಾರಲ್ಲ?

ಆಫ್‌ಸೆಟ್_ಗದಗ · 4:52
ಲೆಕ್ಕ ಹಾಕ್ರಿ. ಸ್ಪಿರಿಟ್ 70 ಪರ್ಸೆಂಟಿಂದು ಇದ್ರ ಮೂರನೇ ಭಾಗ ಜೆಲ್ ಕೂಡಿದ ಮ್ಯಾಲೆ 47ಕ್ಕ ಇಳೀತು. ಕನಿಷ್ಠ 60 ಬೇಕು. ಸೆರಿ ಬಾಟಲಿನೂ ಅಷ್ಟ, 42.8 ಪರ್ಸೆಂಟ್. ಹಂಗಂತ ನೀರು ಕೂಡಿಸದ ಆಲ್ಕೋಹಾಲ್ ಹಚ್ಚಿದ್ರ ಲಗೂನ ಹಾರಿ ಹೋಗ್ತೈತಿ, ವೈರಸ್ಸಿನ ಪ್ರೋಟೀನ್ ಮುರಿಯಾಕ ನೀರಿನ ಅಂಶನೂ ಬೇಕು. ಹಚ್ಚಿದ ಕೈಲೆ ಒಲಿ, ದೀಪ ಹಚ್ಚಬ್ಯಾಡ್ರಿ, ಪೂರ್ತಿ ಒಣಗಲಿ.

ಉಣಕಲ್_ದಂಡಿ · 5:10
ಮನಿಯೊಳಗ ಇರೋರಿಗೆ ಸ್ಯಾನಿಟೈಜರ್ ಯಾಕ ಬೇಕು? ಸಾಬಾಣ ಸಾಕು. ಈ ವೈರಸ್ಸಿನ ಮ್ಯಾಲಿನ ಪದರ ಕೊಬ್ಬಿಂದು, ಸಾಬಾಣ ಅದನ್ನ ಒಡೀತದ. 40 ಸೆಕೆಂಡ್ ತಿಕ್ಕಬೇಕು, ಹೆಬ್ಬೆರಳು ಮತ್ತ ಉಗುರಸಂದಿ ಬಿಡಬಾರದು. ಹುಬ್ಬಳ್ಳಿಯೊಳಗ ನಳಾ ಬರೂದು ವಾರಕ್ಕೊಮ್ಮೆ ಅನ್ನೋಹಂಗದ, ನೀರು ಎಲ್ಲಿಂದ ತರೋಣ ಅಂತ ಕೇಳೋರಿಗೆ: ನಳಾ ಬಿಟ್ಟು ತೊಳದ್ರ ಲೀಟರ್‌ಗಟ್ಲೆ ಹರಿದು ಹೋಗತದ. 5 ಲೀಟರಿನ ಎಣ್ಣಿ ಕ್ಯಾನಿನ ಕುತ್ತಿಗಿ ಹತ್ರ ಕಾಯಿಸಿದ ಮೊಳಿಯಿಂದ ಸಣ್ಣ ತೂತು ಹಾಕಿ, ಕೋಲಿಗೆ ತೂಗಹಾಕಿ, ಮುಚ್ಚಳಕ್ಕ ದಾರ ಕಟ್ಟಿ ಕೆಳಗ ಕಾಲಲೆ ತುಳಿಯೋ ಕಟಗಿ ಹಚ್ಚರಿ. ತುಳದಾಗ ಕ್ಯಾನ್ ಬಾಗಿ ನೀರು ಬೀಳತದ. ತೂತು ತಳಕ್ಕ ಹಾಕಿದ್ರ ದಿನಾಪೂರ್ತಿ ಸೋರತದ. ಬಾಗಲದಾಗ ಇಟ್ರ ಬಂದವನು ನಳಾ ಮುಟ್ಟೂದ ಬ್ಯಾಡ.

ರಾಣೆಬೆನ್ನೂರ_ಬೀಜ · 6:20
ಕೋಳಿ ಬಗ್ಗೆ ಒಂದು ಮಾತು. ಕೋಳಿಯಿಂದ ಕೊರೊನಾ ಬರೂದಿಲ್ಲ. ಹರಿಹರ ತಾಲೂಕಿನ್ಯಾಗ ಬಂದದ್ದು ಹಕ್ಕಿಜ್ವರ, ಅದು ಬ್ಯಾರೆ ವೈರಸ್. ಎರಡೂ ಒಂದ ವಾರದಾಗ ಸುದ್ದಿ ಆಗಿ ಮಂದಿ ಕೂಡಿಸಿಬಿಟ್ರು. ಕೋಳಿ ಸಾಕಿದ ರೈತರು ಮರಿ ಜೀವಂತ ಹುಗಿಯಾಕತ್ತಾರ. ಚಲೋತಂಗ ಬೇಯಿಸಿದ ಕೋಳಿ, ತತ್ತಿ ತಿನ್ರಿ. ಈ ಹೊತ್ತಿನ್ಯಾಗ ವಯಸ್ಸಾದವರಿಗೆ ಅದು ಬೇಕು.

ಬೆಟಗೇರಿ_ಮಗ್ಗ · 9:30
ನಾಳೆ ಜನತಾ ಕರ್ಫ್ಯೂ. ವೈರಸ್ 12 ತಾಸಿಗೆ ಸಾಯ್ತೈತಿ, 14 ತಾಸು ಒಳಗಿದ್ರ ಕೊಂಡಿ ಕಡೀತೈತಿ ಅಂತ ಬಂದೈತಿ. ಖರೇನ?

ಉಣಕಲ್_ದಂಡಿ · 9:41
ಖರೆ ಅಲ್ಲ. ಇದ ವಾರ ಪ್ರಕಟ ಆದ ಪ್ರಯೋಗದ ಪ್ರಕಾರ ಪ್ಲಾಸ್ಟಿಕ್ ಮ್ಯಾಲೆ 72 ತಾಸಿನತನಕ, ಸ್ಟೀಲ್ ಮ್ಯಾಲೆ 48, ರಟ್ಟಿನ ಮ್ಯಾಲೆ 24, ತಾಮ್ರದ ಮ್ಯಾಲೆ 4 ತಾಸು. ಅದಕ್ಕಿಂತ ದೊಡ್ಡದು, ಸೋಂಕು ತಗಲಿದ ಮನಷ್ಯಾನ ಒಳಗ ಅದು ದಿನಗಟ್ಲೆ ಬೆಳೀತದ. ನಾಳೆ ಒಳಗ ಇರೂದು ಚಲೋ, ಸೋಮವಾರ ಮುಂಜಾನೆ ಎಲ್ಲಾ ಸ್ವಚ್ಛ ಆತು ಅಂತ ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿಗೆ ಯುಗಾದಿ ಸಂತಿಗೆ ಹೋಗೂದು ಕೆಟ್ಟದ್ದು.

ದುರ್ಗದಬೈಲ್ · 23 ಮಾರ್ಚ್, ಬೆಳಿಗ್ಗೆ 7:30
ನಿನ್ನೆ ಧಾರವಾಡ ಜಿಲ್ಲೆಯ ಮೊದಲನೇ ಪ್ರಕರಣ ಖಚಿತ ಆತು. ಹೆಸರು, ಮನಿ ಫೋಟೋ ಇಲ್ಲಿ ಯಾರೂ ಹಾಕಬ್ಯಾಡ್ರಿ ಅಂತ ಕೈಮುಗಿದು ಕೇಳ್ತೀನಿ. ಹೆಸರು ಬಯಲಾಗತದ ಅಂತ ಅಂಜಿದ ಮಂದಿ ಜ್ವರಾ ಬಂದ್ರೂ ಮುಚ್ಚಿಡ್ತಾರ, ಆಶಾ ಕಾರ್ಯಕರ್ತೆ ಬಂದಾಗ ಹಿಂದಿನ ಬಾಗಲದಿಂದ ಹೋಗ್ತಾರ. ಪರದೇಶದಿಂದ ಬಂದವರ ಕೈಗೆ ಹಾಕೋ ಮುದ್ರಿನೂ ಗುರುತಿಗೆ ಅಷ್ಟ, ಅದನ್ನ ನೋಡಿ ಬಸ್ಸಿನಿಂದ ಇಳಿಸಿ ಹೊಡಿಯೂದಲ್ಲ.

ಬ್ಯಾಡಗಿ_ಕಡ್ಡಿ · 7:52
ಇದಕ್ಕ ನನ್ನ ಪೂರ್ತಿ ಒಪ್ಪಿಗಿ ಐತಿ.

ಕೊಪ್ಪೀಕರ_ರಸ್ತೆ · 24 ಮಾರ್ಚ್, ಸಂಜೆ 5:15
ಮಲೇರಿಯಾ ಗುಳಿಗಿ ಹೈಡ್ರಾಕ್ಸಿಕ್ಲೋರೊಕ್ವಿನ್ ಮುಂಚಿತ ತಗೊಂಡ್ರ ಬರೂದಿಲ್ಲಂತ. ಅಂಗಡಿಯೊಳಗ ಕೇಳಾಕತ್ತಾರ.

ಸಾಧನಕೇರಿ_ದಾದಿ · 5:28
ಬ್ಯಾಡ್ರೀ. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿದ್ದು ರೋಗಿಗಳನ್ನ ನೋಡೋ ಆರೋಗ್ಯ ಸಿಬ್ಬಂದಿಗೆ ಮತ್ತ ಖಚಿತ ರೋಗಿಯ ಮನಿಯವರಿಗೆ, ಅದೂ ವೈದ್ಯರ ಚೀಟಿ ಮ್ಯಾಲೆ. ಹೃದಯದ ಬಡಿತದ ಲಯಾ ಕೆಡಸತದ, ಅದರಾಗೂ ಅಜಿತ್ರೋಮೈಸಿನ್ ಜತಿಗೆ. ಮತ್ತ ಕೀಲುವಾತ, ಲೂಪಸ್ ಇದ್ದವರು ದಿನಾ ನುಂಗೋ ಗುಳಿಗಿ ಅದು, ಪ್ಯಾಟ್ಯಾಗ ಖಾಲಿ ಮಾಡಿದ್ರ ಅವರಿಗೆ ಸಿಗೂದಿಲ್ಲ. ಮನಿಯೊಳಗ ಇಡಬೇಕಾದ್ದು ಪ್ಯಾರಾಸಿಟಮಾಲ್, ಥರ್ಮಾಮೀಟರ್, ಅಜ್ಜ-ಅವ್ವನ ಬಿಪಿ, ಸಕ್ಕರಿ ಗುಳಿಗಿ ಒಂದು ತಿಂಗಳಿಗೆ. ಚೀನಾದ ಅಂಕಿ ನೋಡ್ರಿ: ಖಚಿತ ಆದವರೊಳಗ 40ರ ಒಳಗಿನವರು ಸತ್ತದ್ದು ನೂರಕ್ಕ 0.2, ಎಪ್ಪತ್ತರ ಮ್ಯಾಲಿನವರು 8, ಎಂಬತ್ತು ದಾಟಿದವರು ಹೆಚ್ಚುಕಮ್ಮಿ 15. ಬಂದ ಹುಡುಗಗ ಏನೂ ಆಗದ ಇರಬಹುದು, ಒಳಗ ಮಲಗಿದ ಅಜ್ಜನ ಸಲುವಾಗಿ ಇಷ್ಟೆಲ್ಲಾ.

ಮುಳಗುಂದ_ನಾಕಾ · ರಾತ್ರಿ 8:40
21 ದಿನ ದೇಶಾನ ಬಂದ್ ಅಂತ ಈಗ ಹೇಳಿದ್ರು. ಗಿರಣಿ ತಗೀತಾರೋ ಇಲ್ಲೋ? ಜ್ವಾಳಾ ಈಗಲೇ ಎಲ್ಲಾ ಬೀಸಿಸಿ ಇಡೂದು ಚಲೋ ಏನು?

ರಾಣೆಬೆನ್ನೂರ_ಬೀಜ · 8:55
ಬ್ಯಾಡ್ರಿ. ಜ್ವಾಳದ ಹಿಟ್ಟು ಈ ಬ್ಯಾಸಗಿಗೆ ಎರಡು-ಮೂರು ವಾರದಾಗ ಕಹಿ ಆಗ್ತೈತಿ, ರೊಟ್ಟಿ ಬಡಿಯಾಕ ಬರೂದಿಲ್ಲ, ಹರೀತೈತಿ. ಒಂದು ವಾರದಷ್ಟು ಬೀಸಿಸಿ ಉಳಿದದ್ದು ಕಾಳ ಇರ್ಲಿ, ಬೇವಿನ ತಪ್ಪಲಾ ನೆರಳಾಗ ಒಣಗಿಸಿ ನಡುವ ಹಾಕ್ರಿ. ದೊಡ್ಡವರಿಗೆ ದಿನಕ್ಕ 300 ಗ್ರಾಂ ಕಾಳು ಹಿಡದ್ರ ಆರು ಮಂದಿಗೆ 21 ದಿನಕ್ಕ 38 ಕಿಲೋ ಸಮೀಪ ಆತು. ಗಿರಣಿಗೆ ಹೋದಾಗ ಡಬ್ಬಿ ಸಾಲಿನ್ಯಾಗ ಇಟ್ಟು ದೂರ ನಿಲ್ರಿ, ಡಬ್ಬಿ ನಿಂತ್ರ ಪಾಳಿ ಹೋಗೂದಿಲ್ಲ. ಬ್ಯಾರೆ ಇರೋನ ಮನಿಯವರು ಹೋಗೋದಿದ್ರ ಊಟಾ ಕೊಡೋರನ್ನ ಬಿಟ್ಟು ಮತ್ತೊಬ್ಬರು ಹೋಗ್ರಿ.

ಮುಳಗುಂದ_ನಾಕಾ · 9:10
ಮತ್ತ ಹದಿನೈದನೇ ದಿನ ಏನ್ ಮಾಡೂದ್ರಿ ಅಕ್ಕಾರ, ಸೀದಾ ಒಳಗ ಕರಕೊಳ್ಳೂದ?

ಸಾಧನಕೇರಿ_ದಾದಿ · 9:24
14 ದಿನದಾಗ ಒಂದ ಸಲನೂ ಜ್ವರಾ, ಕೆಮ್ಮು, ದಮ್ಮು ಬರದಿದ್ರ ಕರಕೋರಿ. ಅವತ್ತು ಹಾಸಗಿ ಬಿಸಲಿಗೆ ಹಾಕಿ, ಹೊದಿಕಿ ಬಿಸಿನೀರಾಗ ಒಗದು, ನೆಲಾ-ಚಿಲಕಾ 1 ಪರ್ಸೆಂಟ್ ನೀರಿನಿಂದ ಒರಸ್ರಿ. ನಡುವ ಜ್ವರಾ ಬಂದಿದ್ರ ಈ ಲೆಕ್ಕ ಮುಗೀತು, ಅವನು ಅಲ್ಲೇ ಇರ್ಲಿ, 104ಕ್ಕ ಮತ್ತ ನಿಮ್ಮೂರ ಆಶಾಗ ಅದ ದಿನ ಹೇಳಬೇಕು. ಊಟಾ ಕೊಟ್ಟವರೂ ಅವತ್ತಿನಿಂದ ಬ್ಯಾರೆ ಮಲಗಬೇಕು.